ರಕ್ತನಾಳ ಚಿಕಿತ್ಸೆ ಮತ್ತು ಡಿಜಿಟಲ್ ಕಡತ

ಕುದೇರು ಗ್ರಾಮದ ಸಕ್ಕರೆ ಕಾಯಿಲೆಯ ರೋಗಿಯ ಕಾಲಿನ ಹುಣ್ಣು ಮಾಯದಿದ್ದರೆ ಚಾಮರಾಜನಗರ, ಅಲ್ಲೂ ಆಗದಿದ್ದರೆ ಮೈಸೂರು. ರಕ್ತದ ಹರಿವು ತೋರುವ ಡಾಪ್ಲರ್ ವರದಿ ಮನೆಯಲ್ಲೇ ಉಳಿದರೆ ಪರೀಕ್ಷೆ ಮತ್ತೆ ಮೊದಲಿನಿಂದ. ಈ ಅಲೆದಾಟ ತಪ್ಪಲೇಬೇಕು; ಅದಕ್ಕೆ ದಾರಿ ಡಿಜಿಟಲ್ ಕಡತ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಯಿತು. ಇದರ ‘ಆಭಾ’ ಆರೋಗ್ಯ ಖಾತೆ ಸಂಖ್ಯೆಗೆ 14 ಅಂಕಿ. ಕಡತ ಹಂಚಲು ರೋಗಿಯ ಒಪ್ಪಿಗೆ ಬೇಕು.

ರಕ್ತನಾಳ ತಜ್ಞರ ತಂತ್ರಾಂಶದ ಅಗತ್ಯವೇ ಬೇರೆ. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ಅಪಧಮನಿ ಕಿರಿದಾಗಿರುವ ಸೂಚನೆ. ಪ್ರತಿ ಭೇಟಿಯ ಈ ಅಂಕಿ, ಹುಣ್ಣಿನ ಫೋಟೊ, ಸ್ಕ್ಯಾನ್ ಎಲ್ಲವೂ ಒಂದೇ ಪರದೆಯಲ್ಲಿ ಸಾಲಾಗಿ ಕಂಡರೆ ಕಾಲು ಉಳಿಸುವ ತೀರ್ಮಾನ ಬೇಗ ಆಗುತ್ತದೆ. ವೈದ್ಯರ ಮಾತನ್ನೇ ಟಿಪ್ಪಣಿಯಾಗಿಸುವ ಕೃತಕ ಬುದ್ಧಿಮತ್ತೆ ಹೊಸ ಸೇರ್ಪಡೆ.

ತಂತ್ರಾಂಶ ಆರಿಸುವಾಗ ಮಾನದಂಡಗಳನ್ನು ನೆನಪಿಡಿ: ಚಿತ್ರ ವಿನಿಮಯಕ್ಕೆ ಡೈಕಾಮ್, ವೈದ್ಯಕೀಯ ಪದಗಳಿಗೆ ಸ್ನೋಮೆಡ್ ಸಿಟಿ. ಕೇಂದ್ರ ಸರ್ಕಾರದ 2013ರ ಡಿಜಿಟಲ್ ಆರೋಗ್ಯ ದಾಖಲೆ ಮಾನದಂಡಗಳು 2016ರಲ್ಲಿ ಪರಿಷ್ಕರಣೆಗೊಂಡವು.