ಜ್ವರ ಬಿಟ್ಟ ಮಾತ್ರಕ್ಕೆ ಮಲೇರಿಯಾ ಬಿಟ್ಟ ಹಾಗಲ್ಲ

ಬೆಳೆ, ಗೊಬ್ಬರ, ಕುರಿ, ಹಸು ಅಂತ ಬರೆಯುತ್ತಿದ್ದ ನಾನು ಈ ವಾರ ಮನುಷ್ಯರ ಕಾಯಿಲೆಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ಪಾವಗಡ, ಶಿರಾ ಕಡೆ ಕೃಷಿ ಹೊಂಡ ಮಾಡಿಸಿಕೊಂಡ ರೈತರು "ಹೊಂಡದಲ್ಲಿ ಸೊಳ್ಳೆ ಜಾಸ್ತಿಯಾಗಿದೆ, ಏನು ಮಾಡೋದು?" ಅಂತ ಕೇಳುತ್ತಾರೆ. ಇನ್ನೊಂದು ಕಡೆ ನಮ್ಮ ಹುಡುಗರು ದುಡಿಮೆಗೆ ದೂರದ ಊರುಗಳಿಗೆ ಹೋಗಿ ಹಬ್ಬಕ್ಕೆ ಬರುತ್ತಾರೆ, ಹೊರಗಿನ ಕೂಲಿ ತಂಡಗಳು ನಮ್ಮ ಕಡೆ ಬರುತ್ತವೆ. ನಿಂತ ನೀರು, ಜನರ ಓಡಾಟ ಎರಡೂ ಸೇರಿದ ಕಡೆ ಮಲೇರಿಯಾಕ್ಕೆ ದಾರಿ ಸಿಗುತ್ತದೆ. ಆ ದಾರಿಯಲ್ಲಿ ಅದು ಯಾವಾಗಲೂ ಚಳಿ ನಡುಕದ ಜೊತೆಗೇ ಬರುವುದಿಲ್ಲ. ಎಷ್ಟೋ ಸಲ ಆರೋಗ್ಯವಾಗಿ ಓಡಾಡುವವರ ರಕ್ತದಲ್ಲಿ ಕೂತು ಬರುತ್ತದೆ.

ಜ್ವರ ಇಲ್ಲದ ಮಲೇರಿಯಾ ಅಂದರೇನು?

ಮಿಶ್ರತಳಿ ಹಸು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರದಿಂದ ಎದ್ದ ಹಸು ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ. ಆದರೂ ಅದರ ರಕ್ತದಲ್ಲಿ ಸ್ವಲ್ಪ ರೋಗಾಣು ಉಳಿದಿರುತ್ತದೆ. ಅದನ್ನು ಕಚ್ಚಿದ ಉಣ್ಣೆ ಪಕ್ಕದ ಹಸುವಿಗೆ ರೋಗ ದಾಟಿಸುತ್ತದೆ. ಮಲೇರಿಯಾ ಕೂಡ ಹಾಗೇ, ಉಣ್ಣೆಯ ಜಾಗದಲ್ಲಿ ಅನಾಫಿಲಿಸ್ ಸೊಳ್ಳೆ ಅಂತ ಇಟ್ಟುಕೊಳ್ಳಿ.

ಮಲೇರಿಯಾ ಹೆಚ್ಚಾಗಿರುವ ಪ್ರದೇಶದಲ್ಲಿ ಪದೇ ಪದೇ ಸೋಂಕು ತಗುಲಿದವರ ದೇಹ ರೋಗಾಣುವಿನ ಜೊತೆ ಒಂದು ರೀತಿ ಹೊಂದಿಕೊಂಡಿರುತ್ತದೆ. ರೋಗಾಣು ಪೂರ್ತಿ ಸಾಯುವುದಿಲ್ಲ, ಜ್ವರ ಬರುವಷ್ಟು ಹೆಚ್ಚುವುದೂ ಇಲ್ಲ. ಸ್ವಲ್ಪ ಸುಸ್ತು, ರಕ್ತ ಕಡಿಮೆ ಅನ್ನಿಸಬಹುದು. "ಬಿಸಿಲಲ್ಲಿ ಕೆಲಸ ಮಾಡಿದೀನಲ್ಲ, ಅದಕ್ಕೆ" ಅಂತ ಅವರೂ ಸುಮ್ಮನಾಗುತ್ತಾರೆ. ಇದು ಅವರ ತಪ್ಪಲ್ಲ, ಅವರಿಗೇ ಗೊತ್ತಿರುವುದಿಲ್ಲ.

ಪರೀಕ್ಷೆಗೂ ಇದು ಸುಲಭವಾಗಿ ಸಿಗುವುದಿಲ್ಲ. ಒಂದು ಮಿಲಿಲೀಟರಿನಲ್ಲಿ ಸಾವಿರದ ಒಂದು ಪಾಲನ್ನು ಮೈಕ್ರೋಲೀಟರ್ ಅನ್ನುತ್ತಾರೆ. ಅಷ್ಟು ರಕ್ತದಲ್ಲಿ ಸುಮಾರು 50 ರೋಗಾಣು ಇದ್ದರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ, ಅದಕ್ಕಿಂತ ಕಡಿಮೆಯಾದರೆ ತಪ್ಪಿಹೋಗಬಹುದು. ಸ್ಥಳದಲ್ಲೇ ಮಾಡುವ ಕಿಟ್ ಪರೀಕ್ಷೆಗೆ ಸಾಮಾನ್ಯವಾಗಿ 100ರಿಂದ 200 ಬೇಕು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಲೆಕ್ಕ ಹಾಕಿ: ಮೈಕ್ರೋಲೀಟರಿಗೆ 50 ಅಂದರೆ ಮೈಯಲ್ಲೆಲ್ಲ ಸೇರಿ 25 ಕೋಟಿ ರೋಗಾಣು! ಕೊರೊನಾ ಕಾಲದಲ್ಲಿ ಹೆಸರು ಕೇಳಿದ ಪಿಸಿಆರ್ ಪರೀಕ್ಷೆ ಇನ್ನೂ ಕಡಿಮೆ ಇದ್ದರೂ ಹಿಡಿಯುತ್ತದೆ, ಆದರೆ ಅದು ಊರೂರಲ್ಲಿ ಸಿಗುವಂಥದ್ದಲ್ಲ.

ಜೇಕಿನ ಗಡ್ಡೆ ಇದ್ದ ಹಾಗೆ

ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಗೆ ಮಲೇರಿಯಾ ಇದೆ: ವೈವ್ಯಾಕ್ಸ್ ಮತ್ತು ಫಾಲ್ಸಿಪಾರಂ. ಜೀವಕ್ಕೆ ಹೆಚ್ಚು ಅಪಾಯ ಫಾಲ್ಸಿಪಾರಂನದು. ಅಡಗಿ ಕೂರುವುದರಲ್ಲಿ ಗಟ್ಟಿಗ ವೈವ್ಯಾಕ್ಸ್.

ಹೊಲದಲ್ಲಿ ಜೇಕು ಕಿತ್ತವರಿಗೆ ಗೊತ್ತು, ಮೇಲಿನ ಹುಲ್ಲು ಕೊಯ್ದರೆ ಹೊಲ ಚೊಕ್ಕಟವಾಗಿ ಕಾಣುತ್ತದೆ. ಕೆಳಗೆ ಗಡ್ಡೆ ಹಾಗೇ ಇರುತ್ತದೆ, ಒಂದು ಮಳೆ ಬಿದ್ದರೆ ಸಾಕು, ಮತ್ತೆ ಚಿಗುರುತ್ತದೆ. ವೈವ್ಯಾಕ್ಸ್ ರೋಗಾಣುವಿನ ಒಂದು ರೂಪ ನಮ್ಮ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ, ಹೀಗೇ ಮಲಗಿರುತ್ತದೆ. ವಾರಗಳು, ಕೆಲವರಲ್ಲಿ ತಿಂಗಳುಗಳು ಕಳೆದ ಮೇಲೆ ಎದ್ದು ರಕ್ತಕ್ಕೆ ಬರುತ್ತದೆ. ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಜ್ವರ ಮರುಕಳಿಸುತ್ತದೆ. ಮಲಗಿರುವಾಗ ಯಾವ ರಕ್ತಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ.

ಅದಕ್ಕೇ ವೈವ್ಯಾಕ್ಸ್‌ಗೆ ಎರಡು ಔಷಧ ಕೊಡುತ್ತಾರೆ. ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಮೊದಲನೆಯದು ಮೇಲಿನ ಹುಲ್ಲು ಕೊಯ್ಯುತ್ತದೆ, ಎರಡನೆಯದು ಗಡ್ಡೆ ಕೀಳುತ್ತದೆ. ನಾವು ಎಡವುವುದೇ ಇಲ್ಲಿ. ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ, ಶೇಂಗಾ ಕೀಳುವ ಕೆಲಸ ಕಾಯುತ್ತಿರುತ್ತದೆ, ಮಾತ್ರೆ ಪೊಟ್ಟಣ ಗೂಡಿನಲ್ಲೇ ಉಳಿಯುತ್ತದೆ. ಕೆಲವು ತಿಂಗಳಾದ ಮೇಲೆ ಮತ್ತೆ ಚಳಿ ಜ್ವರ. ಅಷ್ಟರಲ್ಲಿ ಸೊಳ್ಳೆ ಮನೆಯಲ್ಲಿ ಇನ್ನಿಬ್ಬರಿಗೆ ದಾಟಿಸಿರುತ್ತದೆ.

ಪ್ರೈಮಾಕ್ವಿನ್ ಎಲ್ಲರಿಗೂ ಅಲ್ಲ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಕೂಸುಗಳಿಗೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಕೊಡುವುದಿಲ್ಲ. ಮಾತ್ರೆ ನುಂಗುವಾಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಫಾಲ್ಸಿಪಾರಂಗೆ ಔಷಧವೇ ಬೇರೆ. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ತಂದು ನುಂಗುವುದು ಬೇಡ.

ಉಳಿದ ಕಿಡಿ ಏನು ಮಾಡುತ್ತದೆ?

ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1953ರಲ್ಲಿ. ಆಗ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು ಅಂತ ಅಂದಾಜು. ಡಿಡಿಟಿ ಸಿಂಪಡಣೆಯಿಂದ 1965ರ ಹೊತ್ತಿಗೆ ಅದು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನಿಗಾ ಸಡಿಲವಾಯಿತು, ಸೊಳ್ಳೆ ಡಿಡಿಟಿಗೆ ಜಗ್ಗದಾಯಿತು. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣ! ಬೂದಿಯೊಳಗೆ ಉಳಿದಿದ್ದ ಕೆಂಡಕ್ಕೆ ಗಾಳಿ ಬಿದ್ದ ಹಾಗಾಯಿತು. ಈಗ ದೇಶ 2030ರೊಳಗೆ ಮಲೇರಿಯಾ ನಿರ್ಮೂಲನೆ ಮಾಡುವ ಗುರಿ ಇಟ್ಟುಕೊಂಡಿದೆ. ಪ್ರಕರಣ ಕಡಿಮೆಯಾದಷ್ಟೂ ಅಡಗಿರುವ ಒಂದೊಂದು ಸೋಂಕೂ ದೊಡ್ಡದಾಗುತ್ತದೆ.

ನಮ್ಮ ರಾಜ್ಯದಲ್ಲೇ ಮಂಗಳೂರನ್ನು ನೋಡಿ. 1990ರ ದಶಕದಲ್ಲಿ ಕಟ್ಟಡ ಕಾಮಗಾರಿ ಹೆಚ್ಚಿದ ಮೇಲೆ ಅಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ನೀರು ನಿಂತ ತಾರಸಿಗಳು, ಬೇರೆ ರಾಜ್ಯಗಳಿಂದ ಬಂದ ಕೆಲಸಗಾರರು ಎರಡೂ ಒಂದೇ ಜಾಗದಲ್ಲಿ ಇದ್ದವು.

ಹೊಂಡ, ಬಾವಿ ಇರುವವರು ಮಾಡಬೇಕಾದ್ದು

ಹೊಂಡದ ಅಂಚಿನಿಂದ ಒಂದು ಬಿಳಿ ಬಟ್ಟಲಲ್ಲಿ ನೀರು ಮೊಗೆದು ನೋಡಿ. ಸೊಳ್ಳೆ ಮರಿ ನೀರಿನ ಮೇಲ್ಮೈಗೆ ಸಮನಾಗಿ ಅಡ್ಡಡ್ಡ ಮಲಗಿದ್ದರೆ ಅದು ಅನಾಫಿಲಿಸ್. ತಲೆ ಕೆಳಗಾಗಿ ಓರೆಯಾಗಿ ಜೋತುಬಿದ್ದಿದ್ದರೆ ಬೇರೆ ಜಾತಿ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಂದು ದಿನ ಪೂರ್ತಿ ಖಾಲಿ ಮಾಡಿ ಒಣಗಿಸಿದರೆ ಸಾಕು.

ಹೊಂಡ, ಬಾವಿ ಖಾಲಿ ಮಾಡಲಾಗದು. ಅಲ್ಲಿಗೆ ಮೀನು ಬೇಕು. ಕೋಲಾರ ಜಿಲ್ಲೆಯ ಕಾಮಸಮುದ್ರ ಕಡೆ ಮಲೇರಿಯಾ ಸಂಶೋಧನಾ ಸಂಸ್ಥೆಯವರು ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಮಲೇರಿಯಾ ಇಳಿಸಿ ತೋರಿಸಿದ್ದಾರೆ. ರೇಷ್ಮೆ ಸಾಕುವ ಮನೆಗಳಲ್ಲಿ ಡಿಡಿಟಿ ಹೊಡೆದರೆ ಹುಳು ಸಾಯುತ್ತದೆ, ಅದಕ್ಕೆ ಯಾರೂ ಒಪ್ಪುವುದಿಲ್ಲ. ಮಧುಗಿರಿ, ಕೊರಟಗೆರೆ ಕಡೆಯ ರೇಷ್ಮೆ ರೈತರಿಗೂ ಮೀನೇ ಒಳ್ಳೆಯ ದಾರಿ. ಆದರೆ ಗ್ಯಾಂಬೂಸಿಯಾವನ್ನು ಕೆರೆಗೆ, ಹೊಳೆಗೆ ಬಿಡಬೇಡಿ. ಅದು ನಮ್ಮ ನಾಟಿ ಮೀನಿನ ಮೊಟ್ಟೆ, ಮರಿ ತಿಂದುಹಾಕುತ್ತದೆ. ಯಾವ ಮೀನು, ಎಷ್ಟು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿ. ಅಂಚಿನ ಹುಲ್ಲು, ಪಾಚಿ ತೆಗೆಯದಿದ್ದರೆ ಮೀನಿಗೆ ಸೊಳ್ಳೆ ಮರಿ ಸಿಗುವುದಿಲ್ಲ. ಔಷಧಿ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆದರೆ ಮೀನು ಉಳಿಯುವುದಿಲ್ಲ.

ಮನೆಯಲ್ಲಿ, ಕೂಲಿ ತಂಡದಲ್ಲಿ

* ಹೊರಗೆ ದುಡಿದು ಬಂದವರಿಗೆ ಮುಂದಿನ ಕೆಲವು ತಿಂಗಳಲ್ಲಿ ಯಾವ ಜ್ವರ ಬಂದರೂ ಅದೇ ದಿನ ಆಶಾ ಕಾರ್ಯಕರ್ತೆಯ ಬಳಿ ರಕ್ತ ಪರೀಕ್ಷೆ ಮಾಡಿಸಿ. ಎಲ್ಲಿಗೆ ಹೋಗಿದ್ದರು ಅಂತಲೂ ಹೇಳಿ. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ.
* ಒಬ್ಬರಿಗೆ ಮಲೇರಿಯಾ ಅಂತ ಗೊತ್ತಾದರೆ ಮನೆಯವರೆಲ್ಲರೂ, ಜೊತೆಗೆ ಮಲಗುವ ತಂಡದವರೆಲ್ಲರೂ ರಕ್ತ ಕೊಡಿ. "ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅನ್ನುವವರೂ ಕೊಡಬೇಕು.
* ತೋಟದಲ್ಲಿ ಕೂಲಿಯವರನ್ನು ಉಳಿಸಿಕೊಂಡಿರುವ ರೈತರು ಅವರಿಗೆ ಸೊಳ್ಳೆ ಪರದೆ ಕೊಡಿ. ಈ ಸೊಳ್ಳೆ ಕಚ್ಚುವುದು ರಾತ್ರಿ ಹೊತ್ತು. ಪರೀಕ್ಷೆಗೆ ಹೋದ ದಿನದ ಕೂಲಿ ಹಿಡಿಯಬೇಡಿ, ಹಿಡಿದರೆ ಯಾರೂ ಹೋಗುವುದಿಲ್ಲ.
* 14 ದಿನದ ಮಾತ್ರೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನುಂಗಿ. ಬರಿ ಹೊಟ್ಟೆಯಲ್ಲಿ ಬೇಡ, ಊಟವಾದ ಮೇಲೆ. ಮನೆಯ ಇನ್ನೊಬ್ಬರು ದಿನಾ ನೆನಪಿಸಲಿ.

ಜ್ವರ ಬಿಟ್ಟ ನಾಲ್ಕನೇ ದಿನ ಹೊಲಕ್ಕೆ ಹೋಗಿ, ಬೇಡ ಅನ್ನಲ್ಲ. ಮಾತ್ರೆ ಪೊಟ್ಟಣವನ್ನೂ ಬುತ್ತಿಯ ಜೊತೆ ಕಟ್ಟಿಕೊಂಡು ಹೋಗಿ.