ಕಬ್ಬಿನ ಸೀಮೆಯಲ್ಲಿ ಶಾರ್ಟ್‌ವೇವ್: ಸಕ್ರಿಯ ಲೂಪ್ ಆಂಟೆನಾದ ಆಯ್ಕೆ ಮತ್ತು ನೆಲೆ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರಿನಲ್ಲಿ ಇಂದು ಶಾರ್ಟ್‌ವೇವ್ ರೇಡಿಯೊ ಕೇಳಬಯಸುವವರಿಗೆ ಎದುರಾಗುವ ಮುಖ್ಯ ತೊಡಕು ದೂರದ ಕೇಂದ್ರಗಳ ಧ್ವನಿ ಕ್ಷೀಣವಾಗಿರುವುದಲ್ಲ; ಆ ಧ್ವನಿಯನ್ನು ಮುಚ್ಚಿಹಾಕುವ ಕರಕರ ಸದ್ದು ತಮ್ಮದೇ ಮನೆ, ಓಣಿ ಮತ್ತು ಹೊಲಗಳಲ್ಲಿ ಹುಟ್ಟುತ್ತಿರುವುದು. ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಕಂಪನಾಂಕದ ರೇಡಿಯೊ ತರಂಗಗಳು. ಸೂರ್ಯಕಿರಣಗಳಿಂದ ವಿದ್ಯುದಾವೇಶ ಪಡೆದ ಮೇಲ್ವಾತಾವರಣದ ಪದರವಾದ ಅಯಾನುಗೋಳದಲ್ಲಿ ಇವು ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತವೆ. ರೇಡಿಯೊ ಸಿಲೋನಿನ ಹಾಡುಗಳನ್ನು ಹಳ್ಳಿಗಳು ಕೇಳುತ್ತಿದ್ದ ದಶಕಗಳಲ್ಲಿ ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿದ ಹತ್ತು ಹದಿನೈದು ಮೀಟರ್ ತಂತಿಯೇ ಸಾಕಾಗುತ್ತಿತ್ತು, ಏಕೆಂದರೆ ಆಗ ರೇಡಿಯೊಕ್ಕೆ ಅಡ್ಡ ಬರುತ್ತಿದ್ದ ಸದ್ದೆಂದರೆ ಬಹುಮಟ್ಟಿಗೆ ಮಳೆಗಾಲದ ಸಿಡಿಲೊಂದೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ಮತ್ತು ಸೋಲಾರ್ ಪಂಪಿನ ನಿಯಂತ್ರಕಗಳು ಮನೆಮನೆಗೆ ಬಂದ ಮೇಲೆ ಅದೇ ತಂತಿ ಊರಿನ ಎಲ್ಲ ಗದ್ದಲವನ್ನೂ ಸಂಗ್ರಹಿಸಿ ರೇಡಿಯೊಕ್ಕೆ ತಲುಪಿಸುವ ಸಾಧನವಾಯಿತು. ಬಿಬಿಸಿಯ ಹಿಂದಿ ಸೇವೆ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ಬಿಟ್ಟದ್ದೂ ಸೇರಿದಂತೆ ಹಲವು ಪ್ರಸಾರಗಳು ನಿಂತಿರುವುದು ನಿಜ. ಆದರೂ ಉಳಿದಿರುವ ಕೇಂದ್ರಗಳನ್ನು ಶುದ್ಧವಾಗಿ ಕೇಳುವ ಆಸೆಯುಳ್ಳವರಿಗೆ ಸಕ್ರಿಯ ಲೂಪ್ ಆಂಟೆನಾ ಇಂದು ದೊರೆಯುವ ಅತ್ಯುತ್ತಮ ದಾರಿಗಳಲ್ಲಿ ಒಂದು. ಆದರೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಯು ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗಿಂತ ದೊಡ್ಡದು ಎಂಬುದು ಬಳಸುತ್ತ ಹೋದಂತೆ ದೃಢವಾಗುವ ಮಾತು.

ಲೂಪ್ ಆಂಟೆನಾ ಎಂದರೆ ಲೋಹದ ತಂತಿ ಅಥವಾ ಕೊಳವೆಯ ಒಂದು ಬಳೆ. ಅದರ ಸುತ್ತಳತೆ ತರಂಗದೂರದ, ಅಂದರೆ ತರಂಗವೊಂದರ ಉದ್ದದ, ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದಾಗ ಅದು ರೇಡಿಯೊ ತರಂಗದ ಕಾಂತಕ್ಷೇತ್ರಕ್ಕೆ ಮುಖ್ಯವಾಗಿ ಸ್ಪಂದಿಸುತ್ತದೆ. ಸಾಮಾನ್ಯ ತಂತಿಯ ಆಂಟೆನಾ ವಿದ್ಯುತ್‌ಕ್ಷೇತ್ರವನ್ನು ಹಿಡಿಯುತ್ತದೆ. ಮನೆಯ ವೈರಿಂಗಿನ ಸಮೀಪದಲ್ಲಿ ಅನೇಕ ಉಪಕರಣಗಳ ಗದ್ದಲವು ವಿದ್ಯುತ್‌ಕ್ಷೇತ್ರದಲ್ಲೇ ಹೆಚ್ಚು ಪ್ರಬಲವಾಗಿರುವುದರಿಂದ ಬಳೆಯಾಕಾರದ ಆಂಟೆನಾಕ್ಕೆ ಒಂದು ಸಹಜ ಅನುಕೂಲ ದೊರೆಯುತ್ತದೆ. ಈ ಅನುಕೂಲವನ್ನು ಮಾರಾಟಗಾರರು ಹೇಳುವಷ್ಟು ದೊಡ್ಡದೆಂದು ತಿಳಿಯಬಾರದು. ಗದ್ದಲದ ಮೂಲದಿಂದ ತರಂಗದೂರದ ಸುಮಾರು ಆರನೆಯ ಒಂದು ಭಾಗದೊಳಗೆ ಮಾತ್ರ ಈ ಎರಡು ಕ್ಷೇತ್ರಗಳ ಪ್ರಮಾಣ ಹೀಗೆ ಬೇರೆಯಾಗಿರುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ಆ ದೂರ ಐದು ಮೀಟರಿನಷ್ಟೂ ಇಲ್ಲ. ಅದರಾಚೆ ಬಂದ ಗದ್ದಲವು ದೂರದ ಕೇಂದ್ರದ ತರಂಗದಂತೆಯೇ ಬಳೆಯೊಳಗೆ ಸೇರುತ್ತದೆ.

ಚಿಕ್ಕ ಬಳೆ ಹಿಡಿಯುವ ಸಂಕೇತ ಬಹಳ ಸಣ್ಣದು. ಅದನ್ನು ಬಳೆಯ ಬುಡದಲ್ಲೇ ಹಿಗ್ಗಿಸುವ ವರ್ಧಕವನ್ನು ಜೋಡಿಸಿದಾಗ ಅದು ಸಕ್ರಿಯ ಲೂಪ್ ಎನಿಸುತ್ತದೆ. ಇಲ್ಲಿರುವ ಜಾಣ್ಮೆ ಗಮನಾರ್ಹ: ಬಳೆಯಲ್ಲಿ ಪ್ರೇರಿತವಾಗುವ ವೋಲ್ಟೇಜ್ ಕಂಪನಾಂಕ ಏರಿದಂತೆ ಏರುತ್ತದೆ, ಬಳೆಯ ಪ್ರೇರಕತ್ವ ಒಡ್ಡುವ ಅಡ್ಡಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ, ಆದ್ದರಿಂದ ಅತಿ ಕಡಿಮೆ ಪ್ರತಿರೋಧದ ವರ್ಧಕಕ್ಕೆ ಬಳೆಯನ್ನು ಸೇರಿಸಿದರೆ ಹರಿಯುವ ಪ್ರವಾಹವು ಇಡೀ ಶಾರ್ಟ್‌ವೇವ್ ಹರವಿನಲ್ಲಿ ಹೆಚ್ಚುಕಡಿಮೆ ಸಮನಾಗಿ ಉಳಿಯುತ್ತದೆ, ಟ್ಯೂನಿಂಗ್ ಗುಂಡಿಯನ್ನು ತಿರುಗಿಸುತ್ತ ಕೂರುವ ಅಗತ್ಯವೇ ಬೀಳುವುದಿಲ್ಲ. ವರ್ಧಕಕ್ಕೆ ಬೇಕಾದ, ಸಾಮಾನ್ಯವಾಗಿ 12 ವೋಲ್ಟ್‌ನ ವಿದ್ಯುತ್ತು ಸಂಕೇತ ಬರುವ ಕೇಬಲ್ಲಿನಲ್ಲೇ ಮೇಲಕ್ಕೆ ಹೋಗುತ್ತದೆ. ಎರಡನ್ನೂ ಬೇರ್ಪಡಿಸುವ ಚಿಕ್ಕ ಪೆಟ್ಟಿಗೆ ರೇಡಿಯೊದ ಪಕ್ಕದಲ್ಲಿರುತ್ತದೆ.

ಕೊಳ್ಳುವಾಗ ಎಲ್ಲರ ಕಣ್ಣು ಹೋಗುವುದು ವರ್ಧಕ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿಯ ಮೇಲೆ. ಅದು ತಪ್ಪು ಅಳತೆಗೋಲು. ಸಂತೆಯ ನಡುವೆ ನಿಂತವನ ಕಿವಿಗೆ ಶ್ರವಣಯಂತ್ರ ಹಾಕಿದರೆ ಗೆಳೆಯನ ಮಾತಿನೊಂದಿಗೆ ಸಂತೆಯ ಕೂಗೂ ಅಷ್ಟೇ ಹೆಚ್ಚುವಂತೆ, ಹಿಗ್ಗಿಸುವಿಕೆಯಿಂದ ಸಂಕೇತವೂ ಗದ್ದಲವೂ ಒಟ್ಟಿಗೆ ಬೆಳೆಯುತ್ತವೆ. ಶಾರ್ಟ್‌ವೇವಿನಲ್ಲಿ ಹೊರಗಿನ ಗದ್ದಲವೇ ಸಾಮಾನ್ಯವಾಗಿ ರೇಡಿಯೊದ ಒಳಗಿನ ಗದ್ದಲಕ್ಕಿಂತ ಹೆಚ್ಚಿರುವುದರಿಂದ ಮುಖ್ಯವಾಗುವುದು ಸಂಕೇತಕ್ಕೂ ಗದ್ದಲಕ್ಕೂ ನಡುವಿನ ಅಂತರ. ಅದಕ್ಕಿಂತ ಮಿಗಿಲಾಗಿ ನೋಡಬೇಕಾದ ಗುಣ, ಪ್ರಬಲ ಸಂಕೇತಗಳು ನುಗ್ಗಿದಾಗ ವರ್ಧಕ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದು. ಕರೋಶಿಯ ಪರಿಸರದಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು 765 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ 200 ಕಿಲೋವ್ಯಾಟ್ ಪ್ರೇಷಕವನ್ನು ಹೊಂದಿರುವ ಕೇಂದ್ರ. ಗಡಿಯಾಚೆ ಸಾಂಗ್ಲಿ ಆಕಾಶವಾಣಿಯದು 1251 ಕಿಲೋಹರ್ಟ್ಸ್. ದುರ್ಬಲ ವಿನ್ಯಾಸದ ವರ್ಧಕದಲ್ಲಿ ಇಂಥ ಎರಡು ಪ್ರಬಲ ಸಂಕೇತಗಳು ಒಂದರೊಡನೊಂದು ಬೆರೆತು, ಯಾರೂ ಪ್ರಸಾರ ಮಾಡದ ಕಡೆ ಹುಸಿ ಕೇಂದ್ರಗಳನ್ನು ಸೃಷ್ಟಿಸುತ್ತವೆ.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. 765ಕ್ಕೆ 1251 ಕೂಡಿದರೆ 2016 ಆಗುತ್ತದೆ. ಎರಡೂ ಕೇಂದ್ರಗಳು ಪ್ರಸಾರದಲ್ಲಿರುವ ಹೊತ್ತಿನಲ್ಲಿ ರೇಡಿಯೊವನ್ನು 2016 ಕಿಲೋಹರ್ಟ್ಸ್‌ಗೆ ತಿರುಗಿಸಿದಾಗ ಕನ್ನಡ ಮತ್ತು ಮರಾಠಿ ಮಾತುಗಳು ಒಂದರ ಮೇಲೊಂದು ಬಿದ್ದು ಕೇಳಿಸಿದರೆ, ವರ್ಧಕವೋ ರೇಡಿಯೊವೋ ಭಾರ ತಾಳಲಾರದೆ ಹೋಗಿದೆ ಎಂದು ತಿಳಿಯಬೇಕು. ಎರಡರಲ್ಲಿ ಯಾವುದೆಂದು ಪತ್ತೆಹಚ್ಚಲು ಕೇಬಲ್ಲಿನ ವಿದ್ಯುತ್ ಪೆಟ್ಟಿಗೆಗೂ ರೇಡಿಯೊಕ್ಕೂ ನಡುವೆ 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಸೇರಿಸಬೇಕು: ಹುಸಿ ಸಂಕೇತ 10 ಡೆಸಿಬೆಲ್ ಮಾತ್ರ ಇಳಿದರೆ ಅದು ವರ್ಧಕದಲ್ಲೇ ಹುಟ್ಟಿದ್ದು, 20ರಷ್ಟು ಇಳಿದರೆ ರೇಡಿಯೊದಲ್ಲಿ ಹುಟ್ಟಿದ್ದು. ಅಗ್ಗಕ್ಕೆ ಸಿಗುವ ಚೀನಾದ ಎಂಎಲ್‌ಎ-30 ಮಾದರಿಯ, ಸುಮಾರು 60 ಸೆಂಟಿಮೀಟರ್ ವ್ಯಾಸದ ತಂತಿಬಳೆಯು ಕಲಿಯಲು ಒಳ್ಳೆಯದು. ದೀರ್ಘಕಾಲ ಬಳಸುವ ಉದ್ದೇಶವಿದ್ದರೆ ಬಲ್ಗೇರಿಯಾದ ಹವ್ಯಾಸಿ ಕರೆಚಿಹ್ನೆಯಾದ ಎಲ್‌ಝಡ್1ಎಕ್ಯೂ ಹೆಸರಿನಿಂದ ಪ್ರಸಿದ್ಧವಾದ ವಿನ್ಯಾಸದಂಥ, ಅಥವಾ ಬ್ರಿಟನ್ನಿನ ವೆಲ್‌ಬ್ರೂಕ್ ಕಂಪನಿ ಹೆಸರು ಮಾಡಿದ ಒಂದು ಮೀಟರ್ ಬಳೆಯಂಥ, ಪ್ರಬಲ ಸಂಕೇತ ತಾಳುವ ವರ್ಧಕವನ್ನು ಆರಿಸುವುದು ಲೇಸು. ಬಳೆಯ ವ್ಯಾಸ ಇಮ್ಮಡಿಯಾದರೆ ಸಂಕೇತ ಸುಮಾರು 6 ಡೆಸಿಬೆಲ್ ಏರುತ್ತದೆ. ತೆಳು ತಂತಿಗಿಂತ ದಪ್ಪ ಕೊಳವೆ ಮೇಲು. ಫ್ರಿಜ್ ರಿಪೇರಿಯವರಲ್ಲಿ ಸಿಗುವ ತಾಮ್ರದ ನಳಿಕೆಯಿಂದ ಒಂದು ಮೀಟರ್ ವ್ಯಾಸದ ಬಳೆಯನ್ನು ಬಗ್ಗಿಸಿಕೊಳ್ಳಲು ಬರುತ್ತದೆ.

ಇನ್ನು ನೆಲೆಯ ವಿಚಾರ. ಆಂಟೆನಾ ಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ: ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೊವನ್ನು ಯಾವ ಕೇಂದ್ರವೂ ಇಲ್ಲದ ಕಡೆಗೆ ತಿರುಗಿಸಿ, ಸದ್ದು ಹೆಚ್ಚಿಸಿ, ಮನೆಯ ಸುತ್ತ, ಹಿತ್ತಲಲ್ಲಿ, ಮಾಳಿಗೆಯ ಮೇಲೆ, ತೋಟದ ಬದುವಿನ ಗುಂಟ ನಿಧಾನವಾಗಿ ನಡೆಯುವುದು. ಮೀಟರ್ ಬೋರ್ಡಿನ ಗೋಡೆಯ ಬಳಿ ಸದ್ದು ಒಮ್ಮೆಲೇ ಉಬ್ಬುತ್ತದೆ, ಹಿತ್ತಲ ಬಾಗಿಲು ದಾಟಿದ ಹತ್ತು ಹೆಜ್ಜೆಗೆ ಅರ್ಧಕ್ಕಿಳಿಯುತ್ತದೆ, ಸರ್ವಿಸ್ ವೈರಿನ ಕೆಳಗೆ ಹಾದಾಗ ಮತ್ತೆ ಏಳುತ್ತದೆ. ಕರೆಂಟು ಹೋದ ಹೊತ್ತು ಈ ಪರೀಕ್ಷೆಗೆ ಒದಗುವ ಅವಕಾಶ. ಓಣಿಯ ಕರೆಂಟು ಹೋದಾಗಲೂ ಉಳಿಯುವ ಸದ್ದು ಇನ್ವರ್ಟರಿನಿಂದಲೋ, ಸೋಲಾರ್ ಬೇಲಿಯಿಂದಲೋ, ಬೇರೆ ಫೀಡರಿನಿಂದಲೋ ಬರುತ್ತಿರಬೇಕು. ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಹಳ್ಳಿಯ ಮನೆಗಳ ಮತ್ತು ನೀರಾವರಿ ಪಂಪ್‌ಸೆಟ್ಟುಗಳ ವಿದ್ಯುತ್ ಮಾರ್ಗಗಳನ್ನು ಬೇರ್ಪಡಿಸಿದ ಕಡೆಗಳಲ್ಲಿ ಈ ವಿಂಗಡಣೆ ಇನ್ನೂ ಸುಲಭ: ಹೊಲಕ್ಕೆ ತ್ರೀ ಫೇಸ್ ಬಂದಾಗ ಏಳುವ, ಹೋದಾಗ ಅಡಗುವ ಸದ್ದಿನ ಮೂಲವನ್ನು ಮನೆಯೊಳಗೆ ಹುಡುಕುವುದರಿಂದ ಪ್ರಯೋಜನವಿಲ್ಲ.

ಪಂಪ್‌ಸೆಟ್ಟಿನ ಮೋಟಾರನ್ನೇ ಎಲ್ಲದಕ್ಕೂ ದೂರುವ ರೂಢಿಯಿದೆ, ಆದರೆ ಅದರಲ್ಲಿ ಕಿಡಿ ಹಾರಿಸುವ ಬ್ರಶ್ ಇಲ್ಲದಿರುವುದರಿಂದ ಅದು ಬಹುಮಟ್ಟಿಗೆ ನಿರಪರಾಧಿ. ಸ್ಟಾರ್ಟರ್ ಬೀಳುವಾಗ ಒಂದು ಕ್ಷಣದ ‘ಚಟ್’ ಸದ್ದು ಬರುತ್ತದೆ, ಅಷ್ಟೆ. ನಿಜವಾದ ಕಾಟ ಬರುವುದು 11 ಕೆವಿ ಲೈನಿನ ಸಡಿಲ ಜಂಪರ್, ಬಿರುಕು ಬಿಟ್ಟ ಪಿನ್ ಇನ್ಸುಲೇಟರ್ ಮತ್ತು ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಸುಟ್ಟ ಜೋಡಣೆಗಳಿಂದ. ಇವುಗಳಲ್ಲಿ ಹಾರುವ ಕಿಡಿ ಸೆಕೆಂಡಿಗೆ ನೂರು ಬಾರಿ ಮರುಕಳಿಸುವ ಒರಟು ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ. ಬೇಸಿಗೆಯ ಒಣ ದಿನಗಳಲ್ಲಿ ಜೋರಾಗಿದ್ದು ಮಳೆ ಬಿದ್ದೊಡನೆ ಇಳಿಯುವುದು ಸಡಿಲ ಜೋಡಣೆಯ ಕಿಡಿಯ ಗುರುತು. ಸೋಲಾರ್ ಪಂಪಿನ ನಿಯಂತ್ರಕದ ಸದ್ದು ಬಿಸಿಲಿನೊಂದಿಗೆ ಹುಟ್ಟಿ ಬಿಸಿಲಿನೊಂದಿಗೆ ಮುಗಿಯುತ್ತದೆ. ಸೋಲಾರ್ ಬೇಲಿಯದು ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಬೀಳುವ ಟಿಕ್ ಸದ್ದು. ಹೀಗೆ ಕಿವಿಯಿಂದಲೇ ಮೂಲ ಗುರುತಿಸುವುದನ್ನು ಕಲಿತ ಕೇಳುಗನಿಗೆ ಆಂಟೆನಾದ ಜಾಗ ಆರಿಸುವ ಕೆಲಸ ಅರ್ಧ ಮುಗಿದಂತೆ.

ಮಾಳಿಗೆಯೇ ಒಳ್ಳೆಯ ಜಾಗವೆಂಬ ನಂಬಿಕೆ ಟಿವಿ ಆಂಟೆನಾದ ಕಾಲದಿಂದ ಬಂದದ್ದು. ನೆಟ್ಟಗೆ ನಿಲ್ಲಿಸಿದ ಚಿಕ್ಕ ಬಳೆಗೆ ಎತ್ತರದಿಂದ ಸಿಗುವ ಲಾಭ ಅಲ್ಪ. ಬಳೆಯ ಕೆಳ ಅಂಚು ನೆಲದಿಂದ ಒಂದೂವರೆ ಎರಡು ಮೀಟರ್ ಮೇಲಿದ್ದರೆ ಸಾಕು, ಅದಕ್ಕಿಂತ ಮೇಲಕ್ಕೆ ಏರಿಸಲು ಪಡುವ ಶ್ರಮವನ್ನು ಮನೆಯಿಂದ ದೂರ ಒಯ್ಯಲು ಬಳಸಿದರೆ ನೂರು ಪಾಲು ಮೇಲು. ಆರ್‌ಸಿಸಿ ಚಾವಣಿಯ ಒಳಗಿನ ವೈರಿಂಗ್ ಬಳೆಯ ಕಾಲಡಿಯಲ್ಲೇ ಬರುತ್ತದೆ, ತಗಡಿನ ಚಾವಣಿಯಂತೂ ತರಂಗವನ್ನೇ ಕುಗ್ಗಿಸುತ್ತದೆ. ಮನೆಯಿಂದ 30–40 ಮೀಟರ್ ದೂರದ ತೋಟದ ಅಂಚು, ಟಿಸಿ ಮತ್ತು 11 ಕೆವಿ ಲೈನಿಗೆ ಆದಷ್ಟು ಬೆನ್ನು ಮಾಡಿದ ಜಾಗ ಸಿಕ್ಕರೆ ಬೇರೇನೂ ಯೋಚಿಸಬೇಕಿಲ್ಲ. ಕಂಬಕ್ಕೆ ನೀರಾವರಿಯ ಪಿವಿಸಿ ಪೈಪೇ ಸಾಕು. ಲೋಹವಲ್ಲದ್ದರಿಂದ ಅದು ಒಳ್ಳೆಯದೂ ಹೌದು. ಕಂಬವನ್ನು ಕಾಂಕ್ರೀಟಿನಲ್ಲಿ ನಿಲ್ಲಿಸುವ ಅವಸರ ಬೇಡ. ಒಂದೆರಡು ವಾರ ಗೂಟಕ್ಕೆ ಕಟ್ಟಿ, ಹಗಲು ರಾತ್ರಿ ಕೇಳಿ, ಜಾಗ ಬದಲಿಸಿ ನೋಡುವುದು ಒಳಿತು.

ಕಬ್ಬು ಎತ್ತರಕ್ಕೆ ಬೆಳೆದು ಬಳೆಯನ್ನು ಮರೆಮಾಡಿದರೂ ಸ್ವೀಕಾರಕ್ಕೆ ಗಮನಾರ್ಹ ಧಕ್ಕೆಯಿಲ್ಲ. ತೊಂದರೆ ಕೇಬಲ್ಲಿಗೆ. ಕಬ್ಬಿನ ಗದ್ದೆಯ ಇಲಿಗಳು ಹೊದಿಕೆಯನ್ನು ಕಡಿಯುತ್ತವೆ, ಕಟಾವು ಮುಗಿದು ರವದಿಗೆ, ಅಂದರೆ ಒಣಗರಿಗೆ, ಬೆಂಕಿ ಹಚ್ಚಿದ ದಿನ ನೆಲದ ಮೇಲಿನ ಕೇಬಲ್ ಪೂರ್ತಿ ಕರಗುತ್ತದೆ. ಆದ್ದರಿಂದ ಅದನ್ನು ಕಪ್ಪು ಪೈಪಿನೊಳಗೆ ಸೇರಿಸಿ ಒಂದಡಿ ಆಳದಲ್ಲಿ, ರಂಟೆಗೆ ಸಿಗದಂತೆ ಬದುವಿನ ಗುಂಟ ಹೂಳಬೇಕು. ಡಿಶ್ ಟಿವಿಗೆ ಬಳಸುವ ಆರ್‌ಜಿ-6 ಕೇಬಲ್ ಚಿಕ್ಕೋಡಿಯ ಪೇಟೆಯಲ್ಲೇ ಸಿಗುತ್ತದೆ, ಸಂಕೇತದ ಮಟ್ಟಿಗೆ ಅದು ಸಾಕಷ್ಟು ಒಳ್ಳೆಯದು. ಆದರೆ ಅಗ್ಗದ ಕೇಬಲ್ಲಿನ ನಡುತಂತಿ ಹೊರಗೆ ತಾಮ್ರ, ಒಳಗೆ ಉಕ್ಕು. ಅಯಸ್ಕಾಂತ ಅಂಟಿಕೊಂಡರೆ ಅದೇ ಎಂದು ತಿಳಿಯಬಹುದು. ಇಂಥ ತಂತಿಯಲ್ಲಿ ನೂರು ಮೀಟರಿಗೆ ಸುಮಾರು 10 ಓಮ್ ಪ್ರತಿರೋಧವಿರುವುದರಿಂದ, 150 ಮಿಲಿಆಂಪಿಯರ್ ಎಳೆಯುವ ವರ್ಧಕಕ್ಕೆ ಒಂದೂವರೆ ವೋಲ್ಟ್‌ನಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಬಳೆಯ ತುದಿಯಲ್ಲಿ ಮೀಟರ್ ಇಟ್ಟು ನೋಡುವುದು ಕ್ಷೇಮ.

ಇಷ್ಟೆಲ್ಲ ಮಾಡಿದ ಮೇಲೂ ಗದ್ದಲ ಕಡಿಮೆಯಾಗದಿದ್ದರೆ ಕಾರಣ ಹೆಚ್ಚಾಗಿ ಕೇಬಲ್ಲೇ ಆಗಿರುತ್ತದೆ. ಮನೆಯ ವಿದ್ಯುತ್ ಜಾಲದ ಗದ್ದಲವು ಕೇಬಲ್ಲಿನ ಹೊರಜಾಲರಿಯ ಮೇಲ್ಮೈಗುಂಟ ಹರಿದು ತೋಟದಲ್ಲಿರುವ ವರ್ಧಕವನ್ನು ತಲುಪುತ್ತದೆ. ಬಳೆಯನ್ನು ವರ್ಧಕದಿಂದ ಬಿಚ್ಚಿದ ಮೇಲೂ ಸದ್ದು ಹಾಗೆಯೇ ಇದ್ದರೆ ಅದು ಗಾಳಿಯಿಂದ ಬಂದದ್ದಲ್ಲ, ಕೇಬಲ್ಲಿನಿಂದ ಬಂದದ್ದು. ಪರಿಹಾರವೆಂದರೆ 31 ಎಂಬ ದರ್ಜೆಯ, ಆರು ಸೆಂಟಿಮೀಟರಿನಷ್ಟು ಅಗಲದ ಫೆರೈಟ್ ಉಂಗುರಕ್ಕೆ ತೆಳು ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಅಂಥದೊಂದನ್ನು ಬಳೆಯ ಬುಡದಲ್ಲೂ ಇನ್ನೊಂದನ್ನು ರೇಡಿಯೊದ ಬಳಿಯೂ ಇಡುವುದು. ಹಳೆಯ ಕಂಪ್ಯೂಟರ್ ಕೇಬಲ್ಲಿನ ಮೇಲಿರುವ ಕ್ಲಿಪ್ಪನ್ನು ಒಂದು ಹಾಕಿದರೆ ಆಗುವ ಉಪಯೋಗ ಕಡಿಮೆ. ತಡೆಯು ಸುತ್ತುಗಳ ಸಂಖ್ಯೆಯ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ ಹತ್ತು ಸುತ್ತಿನ ಬಲ ಒಂದು ಸುತ್ತಿನದಕ್ಕಿಂತ ಸರಿಸುಮಾರು ನೂರು ಪಟ್ಟು. ವರ್ಧಕಕ್ಕೆ ಮೊಬೈಲ್ ಚಾರ್ಜರಿನಂಥ ಅಡಾಪ್ಟರನ್ನು ಹಾಕುವುದು ಗದ್ದಲವನ್ನು ಮನೆಗೆ ಕರೆದಂತೆ. 7 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯು 150 ಮಿಲಿಆಂಪಿಯರಿನ ವರ್ಧಕವನ್ನು ನಲವತ್ತು ತಾಸಿಗೂ ಮೀರಿ ನಡೆಸುತ್ತದೆ.

ಬಳೆಗೆ ದಿಕ್ಕಿದೆ: ಅದು ತನ್ನ ಸಮತಲದ ದಿಕ್ಕಿನಿಂದ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಸಮತಲಕ್ಕೆ ಲಂಬವಾದ ಎರಡು ಪಕ್ಕಗಳಿಂದ ಬಂದದ್ದನ್ನು ಬಹುತೇಕ ಕೇಳುವುದಿಲ್ಲ. ಪೂರ್ವ-ಪಶ್ಚಿಮಕ್ಕೆ ಹರಡಿದಂತೆ ನಿಲ್ಲಿಸಿದರೆ ಥಾಯ್ಲೆಂಡ್, ಒಮಾನ್ ದಿಕ್ಕಿನ ಕೇಂದ್ರಗಳು ಮುಂದಾಗುತ್ತವೆ. ಆದರೆ ಅಯಾನುಗೋಳದಿಂದ ಬೇರೆಬೇರೆ ಕೋನಗಳಲ್ಲಿ ಇಳಿಯುವ ಸಂಕೇತಗಳಿಗೆ ಈ ನಿಶ್ಶಬ್ದ ದಿಕ್ಕು ಅಷ್ಟು ಆಳವಾಗಿರುವುದಿಲ್ಲ. ನೆಲದ ಮೇಲೆಯೇ ಬರುವ ಹತ್ತಿರದ ಗದ್ದಲಕ್ಕೆ ಮಾತ್ರ ಅದು ತೀಕ್ಷ್ಣ. ಹಾಗಾಗಿ ಬಳೆಯನ್ನು ಇಷ್ಟದ ದೇಶದ ಕಡೆ ತಿರುಗಿಸುವುದಕ್ಕಿಂತ ಅದರ ನಿಶ್ಶಬ್ದ ಪಕ್ಕವನ್ನು ಟಿಸಿ ಕಂಬದ ಕಡೆ ತಿರುಗಿಸುವುದು ಹೆಚ್ಚು ಫಲ ಕೊಡುತ್ತದೆ. ಜಾಗಗಳನ್ನು ಹೋಲಿಸುವಾಗ ರೇಡಿಯೊದ ಮುಳ್ಳು ಎಷ್ಟು ಏರಿತು ಎಂದು ನೋಡಬಾರದು, ಮಾತು ಎಷ್ಟು ಸ್ಪಷ್ಟವಾಯಿತು ಎಂದು ನೋಡಬೇಕು. ಚೀನಾದ ಬಿಪಿಎಂ ಕೇಂದ್ರವು 10 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಮಯದ ಟಿಕ್ ಸದ್ದು ಇಂಥ ಹೋಲಿಕೆಗೆ ಒಳ್ಳೆಯ ಆಧಾರ.

ಏಪ್ರಿಲ್ ಮೇ ತಿಂಗಳ ಸಂಜೆ ಈ ಸೀಮೆಯಲ್ಲಿ ಗುಡುಗು ಸಿಡಿಲಿನ ಅಡ್ಡಮಳೆ ಸಾಮಾನ್ಯ. ತೋಟದ ಬಯಲಲ್ಲಿ ನಿಂತ ಬಳೆ ಮತ್ತು ಅದರ ಉದ್ದ ಕೇಬಲ್ ಸಿಡಿಲನ್ನು ಮನೆಯೊಳಗೆ ತರುವ ದಾರಿಯಾಗಬಲ್ಲವು, ಗ್ಯಾಸ್ ಟ್ಯೂಬ್ ರಕ್ಷಕವಾಗಲಿ ಕಂಬದ ಅರ್ಥಿಂಗಾಗಲಿ ಹತ್ತಿರದ ಸಿಡಿಲಿನಿಂದ ಪೂರ್ತಿ ಕಾಪಾಡಲಾರವು. ಆದ್ದರಿಂದ ಸಕ್ರಿಯ ಲೂಪ್ ಹಾಕಿಸುವ ಪ್ರತಿಯೊಬ್ಬರೂ ಕೇಬಲ್ಲಿನ ಜೋಡಣೆಯೊಂದನ್ನು ಗೋಡೆಯ ಹೊರಗೆ ಇಟ್ಟುಕೊಳ್ಳಬೇಕು, ಮೋಡ ಕಟ್ಟುವ ಮೊದಲೇ ಅದನ್ನು ಬಿಚ್ಚಿ ಹೊರಗೇ ಬಿಡಬೇಕು, ಗುಡುಗು ಶುರುವಾದ ಮೇಲೆ ಬಿಚ್ಚಲು ಯಾರೂ ಹೋಗಬಾರದು.