ಸಿಮಿಲಿಯಿಂದ ಐರನಿವರೆಗೆ: ಹತ್ತು ಪದ, ಕನ್ನಡದ ದಾರಿ

ನಮ್ಮ ಸಂಘದಿಂದ ಶನಿವಾರ ಹತ್ತಿರದ ಹೈಸ್ಕೂಲಿಗೆ ಪಾಠ ಹೇಳೋಕೆ ಹೋಗ್ತೀವಲ್ಲ, ಅಲ್ಲಿ ಒಂದು ವಿಷಯ ಗಮನಿಸಿದೆ. ಮ್ಯಾಥ್ಸ್‌ನಲ್ಲಿ ಚುರುಕಾಗಿರೋ ಹತ್ತನೇ ಕ್ಲಾಸಿನ ಮಕ್ಕಳು ಕೂಡ ಇಂಗ್ಲಿಷ್ ಪೇಪರಿನಲ್ಲಿ "ಈ ಸಾಲಿನಲ್ಲಿರುವ ಫಿಗರ್ ಆಫ್ ಸ್ಪೀಚ್ ಯಾವುದು?" ಅಂತ ಬಂದರೆ ಜಾಗ ಖಾಲಿ ಬಿಡ್ತಾರೆ. "ಅದು ಇಂಗ್ಲಿಷ್ ಚೆನ್ನಾಗಿ ಬರೋರಿಗೆ ಮಾತ್ರ ಅಣ್ಣಾ" ಅಂತಾರೆ. ಆದರೆ ಆ ಮಕ್ಕಳು ಜಗಳ ಆಡುವಾಗ, ತಮಾಷೆ ಮಾಡುವಾಗ ಇವನ್ನೆಲ್ಲ ಕನ್ನಡದಲ್ಲಿ ಸಲೀಸಾಗಿ ಬಳಸ್ತಾರೆ. ಗೊತ್ತಿಲ್ಲದಿರೋದು ಹೆಸರು ಮಾತ್ರ.

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಕನ್ನಡ ನನಗೆ ಮೂರನೇ ಭಾಷೆ. ಅಲಂಕಾರದ ಪಾಠ ನನಗೆ ಸಿಕ್ಕಿದ್ದು ಕನ್ನಡ ಮೀಡಿಯಂನಿಂದ ಬಂದ ರೂಮ್‌ಮೇಟ್‌ನಿಂದ. ಅದನ್ನೇ ಇಲ್ಲಿ ಮೂರು ಗುಂಪಾಗಿ ಬರೆದಿದ್ದೇನೆ. ನಿಮ್ಮ ತಮ್ಮನಿಗೋ ತಂಗಿಗೋ ಹೇಳಿಕೊಡೋಕೆ ಉಪಯೋಗ ಆಗಬಹುದು.

ಒಂದು: ಹೋಲಿಕೆಯ ಗುಂಪು

ಕನ್ನಡದಲ್ಲಿ ಉಪಮಾಲಂಕಾರಕ್ಕೆ ನಾಲ್ಕು ಭಾಗ ಹೇಳ್ತಾರೆ. "ಹಾಸ್ಟೆಲ್ ದೋಸೆ ರಬ್ಬರಿನಂತೆ ಎಳೆಯುತ್ತದೆ" ಅನ್ನೋ ವಾಕ್ಯ ತಗೊಳ್ಳಿ. ದೋಸೆ ಉಪಮೇಯ, ಅಂದರೆ ನಾವು ಹೇಳಹೊರಟ ವಸ್ತು. ರಬ್ಬರ್ ಉಪಮಾನ, ಅಂದರೆ ಹೋಲಿಸಲು ತಂದ ವಸ್ತು. "ಅಂತೆ" ಉಪಮಾವಾಚಕ. ಎಳೆಯುವುದು ಸಮಾನಧರ್ಮ. ಈ ರೀತಿ ವಾಚಕ ಪದ ಇಟ್ಟು ಹೋಲಿಸಿದರೆ ಅದೇ ಸಿಮಿಲಿ. ಇಂಗ್ಲಿಷಿನಲ್ಲಿ ವಾಚಕ ಪದ ಸಾಮಾನ್ಯವಾಗಿ 'ಲೈಕ್' ಅಥವಾ 'ಆ್ಯಸ್'.

ವಾಚಕ ತೆಗೆದು "ಹಾಸ್ಟೆಲ್ ದೋಸೆ ಅಂದ್ರೆ ರಬ್ಬರೇ" ಅಂದರೆ ಮೆಟಫರ್. ನಮ್ಮಲ್ಲಿ ಅದು ರೂಪಕ. ಇಂಗ್ಲಿಷಿನಲ್ಲೂ ಈ ಭಾಗಗಳಿಗೆ ಹೆಸರಿದೆ. ಐ. ಎ. ರಿಚರ್ಡ್ಸ್ ಅನ್ನೋ ವಿಮರ್ಶಕ 1936ರ ಪುಸ್ತಕದಲ್ಲಿ ಮೆಟಫರಿನ ಎರಡು ಭಾಗಗಳನ್ನ 'ಟೆನರ್' ಮತ್ತು 'ವೆಹಿಕಲ್' ಅಂತ ಕರೆದರು. ಹೆಚ್ಚುಕಮ್ಮಿ ನಮ್ಮ ಉಪಮೇಯ, ಉಪಮಾನಗಳೇ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಅದರಲ್ಲೇ ಅಲಂಕಾರಗಳ ಚರ್ಚೆ ಇದೆ. ಈ ವಿಷಯ ನಮಗೆ ಹೊಸದಲ್ಲ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. 'ಲೈಕ್' ಕಂಡ ತಕ್ಷಣ ಸಿಮಿಲಿ ಅಂತ ಬರೆಯಬೇಡಿ. "ಐ ಲೈಕ್ ಮ್ಯಾಂಗೋಸ್" ಅನ್ನೋದರಲ್ಲಿ ಹೋಲಿಕೆಯೇ ಇಲ್ಲ. ಹಾಗೇ "ಅವನು ಅವನ ಅಣ್ಣನಷ್ಟೇ ಎತ್ತರ" ಅನ್ನೋದು ಬರೀ ಅಳತೆ. ಎರಡು ಬೇರೆ ಜಾತಿಯ ವಸ್ತುಗಳನ್ನ ಜೋಡಿಸಿದಾಗಲೇ ಅಲಂಕಾರ. "ಅವನು ತೆಂಗಿನ ಮರದಷ್ಟು ಎತ್ತರ" ಅಂದರೆ ಸಿಮಿಲಿ.

ಮನುಷ್ಯರಲ್ಲದ ವಸ್ತುವಿಗೆ ಮನುಷ್ಯರ ಗುಣ ಕೊಟ್ಟರೆ ಪರ್ಸಾನಿಫಿಕೇಶನ್. "ಲ್ಯಾಬಿನ ಪ್ರಿಂಟರ್ ಇವತ್ತು ಮುನಿಸಿಕೊಂಡಿದೆ." ಎದುರಿಗೆ ಇಲ್ಲದವರನ್ನೋ, ಉತ್ತರ ಕೊಡಲಾರದ ವಸ್ತುವನ್ನೋ ನೇರವಾಗಿ ಮಾತಾಡಿಸಿದರೆ ಅಪಾಸ್ಟ್ರಫಿ. "ಮಳೆಯೇ, ಒಂದು ಗಂಟೆ ತಡಿಯಪ್ಪಾ!" ವಾಲ್ಟ್ ವಿಟ್ಮನ್ ಬರೆದ 'ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!' ಪದ್ಯದಲ್ಲಿ ಎರಡು ವಿಷಯ ಒಟ್ಟಿಗೆ ಸಿಗುತ್ತವೆ. ಅದು 1865ರಲ್ಲಿ ಲಿಂಕನ್ ಹತ್ಯೆಯಾದಾಗ ಬರೆದದ್ದು. ತೀರಿಹೋದವರನ್ನ ಮಾತಾಡಿಸುವುದರಿಂದ ಅಪಾಸ್ಟ್ರಫಿ. ಲಿಂಕನ್ ಕ್ಯಾಪ್ಟನ್, ದೇಶ ಹಡಗು ಅಂತ ಹೇಳುವುದರಿಂದ ಮೆಟಫರ್.

ಎರಡು: ಸದ್ದಿನ ಗುಂಪು

ಅಕ್ಕಪಕ್ಕದ ಪದಗಳು ಒಂದೇ ವ್ಯಂಜನದ ಸದ್ದಿನಿಂದ ಶುರುವಾದರೆ ಅಲಿಟರೇಶನ್. ಇಲ್ಲಿ ಲೆಕ್ಕಕ್ಕೆ ಬರೋದು ಸ್ಪೆಲಿಂಗ್ ಅಲ್ಲ, ಸದ್ದು. ಅದಕ್ಕೊಂದು ಸುಲಭದ ಉಪಾಯ ಇದೆ: ಇಂಗ್ಲಿಷ್ ಪದಗಳನ್ನ ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸಿಟಿ, ಕ್ಯಾಟ್ ಎರಡೂ ಇಂಗ್ಲಿಷಿನಲ್ಲಿ 'ಸಿ'ಯಿಂದ ಶುರು, ಕನ್ನಡದಲ್ಲಿ ಬರೆದರೆ ಬೇರೆ ಬೇರೆ ಅಂತ ಕಣ್ಣಿಗೇ ಕಾಣುತ್ತೆ. ನೈಫ್, ಕೈಟ್ ಕೂಡ ಹಾಗೇ. ಫೋನ್, ಫ್ಯಾನ್ ಸ್ಪೆಲಿಂಗ್ ಬೇರೆ, ಸದ್ದು ಒಂದೇ. ಒಂದು ಕಡೆ ಮಾತ್ರ ಹುಷಾರು: ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯೂ' ಎರಡಕ್ಕೂ ನಾವು 'ವ' ಬರೀತೀವಿ, ಆದರೆ ಅವು ಬೇರೆ ಸದ್ದುಗಳು.

ಪದವೇ ಸದ್ದನ್ನ ಅನುಕರಿಸಿದರೆ ಆನಮಾಟಪಿಯ. ಹೆಸರು ಕೇಳಿ ಹೆದರಬೇಡಿ, ಪಟಪಟ, ಚಟಚಟ, ದಬದಬ ಅನ್ನೋ ನಮ್ಮ ಅನುಕರಣಾವ್ಯಯಗಳ ನೆಂಟ ಅದು. ಬಝ್, ಹಿಸ್, ಸ್ಪ್ಲ್ಯಾಶ್ ಇವು ಇಂಗ್ಲಿಷಿನ ಉದಾಹರಣೆಗಳು. "ಥಳಥಳ" ಅಂದರೆ ಹೊಳಪು, ಅದರಲ್ಲಿ ಸದ್ದಿಲ್ಲ. ಹಾಗಾಗಿ ಅದನ್ನ ಇಲ್ಲಿ ಸೇರಿಸಬೇಡಿ.

ಮೂರು: ಅರ್ಥ ತಿರುಗಿಸುವ ಗುಂಪು

"ಬಸ್ಸಿಗೆ ಕಾದು ಕಾದು ಕಾಲಿಗೆ ಬೇರು ಬಂತು." ಇದು ಹೈಪರ್ಬೊಲಿ, ನಮ್ಮ ಅತಿಶಯೋಕ್ತಿಯ ಹಾಗೆ.

ವಿರುದ್ಧ ಪದಗಳು ಪಕ್ಕಪಕ್ಕದಲ್ಲೇ ಕೂತರೆ ಆಕ್ಸಿಮೊರಾನ್. 'ಓಪನ್ ಸೀಕ್ರೆಟ್' ಎಲ್ಲರಿಗೂ ಗೊತ್ತಿರೋ ಉದಾಹರಣೆ. ಗ್ರೀಕ್‌ನಲ್ಲಿ 'ಆಕ್ಸಿಸ್' ಅಂದರೆ ಚೂಪು, 'ಮೋರೋಸ್' ಅಂದರೆ ಮೊಂಡು. ಆ ಹೆಸರೇ ಒಂದು ಆಕ್ಸಿಮೊರಾನ್! ವಿರೋಧ ಎರಡು ಪದದಲ್ಲಿ ಮುಗಿಯದೆ ಇಡೀ ಮಾತಿನಲ್ಲಿದ್ದು, ಯೋಚಿಸಿದರೆ ನಿಜ ಅನ್ನಿಸಿದರೆ ಪ್ಯಾರಡಾಕ್ಸ್. "ಓದಿದಷ್ಟೂ ನನಗೇನೂ ಗೊತ್ತಿಲ್ಲ ಅಂತ ಗೊತ್ತಾಗುತ್ತೆ."

ಕೊನೆಯದು ಐರನಿ. ಇದರಲ್ಲಿ ಮೂರು ಬಗೆ. ಒಂದು ಗಂಟೆ ತಡವಾಗಿ ಬಂದವನಿಗೆ "ಎಷ್ಟು ಬೇಗ ಬಂದೆಯಪ್ಪಾ!" ಅಂದರೆ ವರ್ಬಲ್ ಐರನಿ. ಓ. ಹೆನ್ರಿಯ 'ದ ಗಿಫ್ಟ್ ಆಫ್ ದ ಮೇಜೈ' ಕಥೆಯಲ್ಲಿ ಗಂಡನ ಗಡಿಯಾರಕ್ಕೆ ಚೈನ್ ತರಲು ಹೆಂಡತಿ ತನ್ನ ಕೂದಲು ಮಾರುತ್ತಾಳೆ. ಗಂಡ ಅವಳ ಕೂದಲಿಗೆ ಬಾಚಣಿಗೆಗಳನ್ನ ತರಲು ಆ ಗಡಿಯಾರವನ್ನೇ ಮಾರಿರುತ್ತಾನೆ. ಇದು ಸಿಚುಯೇಶನಲ್ ಐರನಿ. ಜೂಲಿಯೆಟ್ ಸತ್ತಿಲ್ಲ ಅಂತ ನೋಡೋರಿಗೆ ಗೊತ್ತು, ರೋಮಿಯೋಗೆ ಗೊತ್ತಿಲ್ಲ. ಇದು ಡ್ರಮ್ಯಾಟಿಕ್ ಐರನಿ. ಬರೀ ದುರದೃಷ್ಟ ಐರನಿ ಅಲ್ಲ. ಮ್ಯಾಚ್ ದಿನ ಮಳೆ ಬಂದರೆ ಅದು ಮಳೆ ಅಷ್ಟೇ.

ಉತ್ತರ ಬರೆಯೋದು ಹೇಗೆ?

ಹೆಸರು ಬರೆದು ನಿಲ್ಲಿಸಬೇಡಿ. ಮೂರು ಹೆಜ್ಜೆ ಇಡಿ: ಹೆಸರು, ಯಾವ ಪದದಲ್ಲಿದೆ, ಅದರಿಂದ ಏನಾಯಿತು. "ಹಳೇ ಫ್ಯಾನ್ ರಾತ್ರಿಯೆಲ್ಲ ಕೆಮ್ಮಿತು" ಅನ್ನೋ ಸಾಲು ಇದೆ ಅಂದುಕೊಳ್ಳಿ. ಹೆಸರು: ಪರ್ಸಾನಿಫಿಕೇಶನ್. ಎಲ್ಲಿ: 'ಕೆಮ್ಮಿತು' ಅನ್ನೋ ಪದದಲ್ಲಿ, ಯಾಕಂದರೆ ಇಲ್ಲಿ ಕೆಮ್ಮಿದ್ದು ಯಂತ್ರ. ಪರಿಣಾಮ: ಫ್ಯಾನು ವಯಸ್ಸಾದವರ ಹಾಗೆ ಕಾಣುತ್ತೆ, ಅದರ ಸದ್ದೂ ನಿದ್ದೆ ಬಾರದ ರಾತ್ರಿಯೂ ನಮಗೆ ಅನುಭವಕ್ಕೆ ಬರುತ್ತೆ. ಮೂರನೇ ಹೆಜ್ಜೆ ಗೈಡಿನಿಂದ ಬಾಯಿಪಾಠ ಮಾಡೋಕೆ ಆಗಲ್ಲ, ಸಾಲನ್ನ ಓದಿಯೇ ಬರೀಬೇಕು.

ಮಕ್ಕಳಿಗೆ ಹೇಳಿಕೊಡುವಾಗ ಮೊದಲು ಪಟ್ಟಿ ಕೊಡಬೇಡಿ. ಅವರ ಮಾತಿನಿಂದಲೇ ಹತ್ತು ವಾಕ್ಯ ಕೇಳಿ, ಬೋರ್ಡಿನ ಮೇಲೆ ಬರೀರಿ. ಹೆಸರು ಆಮೇಲೆ ಇಡಿ. ಕಳೆದ ವಾರ ಹಾಗೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿ "ನಮ್ಮಜ್ಜಿ ಗೊರಕೆಗೆ ಹೆಂಚು ಹಾರೋಗ್ತವೆ" ಅಂದಳು. ಹೈಪರ್ಬೊಲಿ ಅಂದರೆ ಏನು ಅಂತ ಆ ಕ್ಲಾಸಿಗೆ ನಾನು ಬೇರೆ ವಿವರಿಸಬೇಕಾಗಲೇ ಇಲ್ಲ.